ಬೋರ್ಡು ಬದಲಾದ ಮೇಲೆ ಏನು ಕೆಲಸ?

(ಬೆಂಗಳೂರಿನಲ್ಲಿ ಸಣ್ಣ ಉದ್ಯಮಿಗಳ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಬಿಟ್ಟು ಬಂದಿದ್ದೀರಿ. ಹಾಗಾಗಿ ಜಿಡಿಪಿ, ಜಾಗತಿಕ ಆರ್ಥಿಕತೆ ಅಂತ ಶುರು ಮಾಡಿ ನಿಮಗೆ ನಿದ್ದೆ ಬರಿಸುವುದಿಲ್ಲ. ಹೊಸ ನಿಯಮ ಬಂದಾಗ ನಮ್ಮಂಥ ಸಣ್ಣವರಿಗೆ ಯಾವ ವ್ಯಾಪಾರ ಹುಟ್ಟುತ್ತದೆ ಎನ್ನುವುದು ಇವತ್ತಿನ ಮಾತು. ನಮ್ಮ ಬೀದಿಯ ಬೋರ್ಡಿನಿಂದಲೇ ಶುರು ಮಾಡೋಣ.

2024ರ ಫೆಬ್ರವರಿ ನೆನಪಿದೆಯಾ? ಅಂಗಡಿ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಫೆಬ್ರವರಿ 28ರೊಳಗೆ ಬದಲಿಸಿ ಎಂದು ಬಿಬಿಎಂಪಿ ಗಡುವು ಕೊಟ್ಟಿತ್ತು. ಅದಕ್ಕೂ ಮುಂಚೆ ಡಿಸೆಂಬರ್‌ನಲ್ಲಿ ಕನ್ನಡ ಸಂಘಟನೆಗಳು ಬೀದಿಗಿಳಿದಿದ್ದವು. ಬೋರ್ಡು ಮಾಡುವವರಿಗೆ ಆ ದಿನಗಳಲ್ಲಿ ಊಟಕ್ಕೂ ಪುರುಸೊತ್ತಿರಲಿಲ್ಲ. ಫ್ಲೆಕ್ಸ್ ಪ್ರಿಂಟ್ ಮಾಡುವವರು, ಎಲ್‌ಇಡಿ ಅಕ್ಷರ ಕೂರಿಸುವವರು, ಏಣಿ ಹತ್ತಿ ಮೊಳೆ ಹೊಡೆಯುವವರು, ಎಲ್ಲರಿಗೂ ಕೆಲಸ. ಒಳ್ಳೆಯದೇ. ಆದರೆ ಒಂದು ಸಲ ಬದಲಾದ ಬೋರ್ಡು ಬದಲಾಯಿತು. ಅಂಗಡಿಯವರು ಮತ್ತೆ ಬೋರ್ಡಿನವರಿಗೆ ಫೋನ್ ಮಾಡುವುದು ಅದು ಬಣ್ಣ ಮಾಸಿದಾಗಲೇ.

ಅದರ ಮರು ತಿಂಗಳೇ ನೀರಿನ ಕಥೆ. ಬೋರ್‌ವೆಲ್ ಬತ್ತಿ ಟ್ಯಾಂಕರ್ ಬೆಲೆ ಆಕಾಶಕ್ಕೆ ಹೋದ ಆ ಮಾರ್ಚ್‌ನಲ್ಲಿ ಜಲಮಂಡಳಿ ಹೊಸ ಆದೇಶ ಹೊರಡಿಸಿತು. ಹೋಟೆಲ್, ಕಚೇರಿ, ಅಪಾರ್ಟ್‌ಮೆಂಟ್‌ಗಳ ನಲ್ಲಿಗೆ ಏರೇಟರ್ ಹಾಕಿಸಬೇಕು. ನಲ್ಲಿಯ ಬಾಯಿಗೆ ಸಿಕ್ಕಿಸುವ ಪುಟ್ಟ ಜಾಲರಿ ಅದು. ನೀರಿಗೆ ಗಾಳಿ ಬೆರೆಸಿ ಖರ್ಚು ಕಡಿಮೆ ಮಾಡುತ್ತದೆ. ಪ್ಲಂಬರ್‌ಗಳಿಗೆ ಎಡೆಬಿಡದ ಕರೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದವರಿಗೆಲ್ಲ "ಸ್ಟಾಕ್ ಇಲ್ಲ". ಜೂನ್‌ನಲ್ಲಿ ಮಳೆ ಬಂತು. ಆಮೇಲೆ ಏರೇಟರ್ ಕೇಳುವವರು ಎಷ್ಟು ಜನ?

ಇವೆರಡನ್ನೂ ಅವಕಾಶ ಅಲ್ಲ ಎನ್ನುವುದಿಲ್ಲ. ಆಗಲೇ ಆ ಕಸುಬಿನಲ್ಲಿದ್ದವರಿಗೆ ಚೆನ್ನಾಗಿ ದುಡ್ಡು ಬಂತು. ಆದರೆ ಸುದ್ದಿ ನೋಡಿ ಸಾಲ ಮಾಡಿ ಫ್ಲೆಕ್ಸ್ ಮಷೀನ್ ತಂದವರ ಗತಿ ಬೇರೆ. ಅದಕ್ಕೇ ಯಾವ ಹೊಸ ನಿಯಮ ಬಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದು ಒಂದು ಸಲ ಮಾಡಿ ಮುಗಿಸುವ ಕೆಲಸವಾ, ತಿಂಗಳು ತಿಂಗಳೂ ಮಾಡಲೇಬೇಕಾದ ಕೆಲಸವಾ?

ಅದೇ ನೀರಿನಲ್ಲೇ ಇನ್ನೊಂದು ಕಥೆ ಇದೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇರಬೇಕು ಎಂಬ ನಿಯಮ ಇದೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿ, ಬೆಂಕಿ ಹತ್ತಿ ದೇಶಕ್ಕೆಲ್ಲ ಸುದ್ದಿಯಾದ ಮೇಲೆ ಆ ನಿಯಮಕ್ಕೆ ಹಲ್ಲು ಬಂತು. ಎಸ್‌ಟಿಪಿ ಕಟ್ಟಿಸುವುದು ಬಿಲ್ಡರ್ ಕೆಲಸ, ಅದು ಒಂದೇ ಸಲ. ಅದನ್ನು ನಡೆಸುವುದು? ದಿನದ ಇಪ್ಪತ್ತನಾಲ್ಕು ಗಂಟೆ ನೀರಿಗೆ ಗಾಳಿ ಊದುವ ಬ್ಲೋವರ್ ಓಡಬೇಕು. ಆಪರೇಟರ್ ಬೇಕು. ಅವನು ರಜೆ ಹಾಕಿದರೆ ಇನ್ನೊಬ್ಬ ಬೇಕು. ನೀರನ್ನು ಲ್ಯಾಬಿಗೆ ಕಳಿಸಿ ವರದಿ ತರಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ನವೀಕರಿಸಬೇಕು, ತಳದಲ್ಲಿ ಕೂತ ಕೆಸರು ಎತ್ತಿಸಬೇಕು. ಅಸೋಸಿಯೇಷನ್ ಕಾರ್ಯದರ್ಶಿ ಸಾಮಾನ್ಯವಾಗಿ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ. ಅವರಿಗೆ ಇದರ ವಾಸನೆಯೇ ಆಗುವುದಿಲ್ಲ, ಎರಡೂ ಅರ್ಥದಲ್ಲಿ. ಇದನ್ನೆಲ್ಲ ನಮ್ಮ ತಲೆಗೆ ಕಟ್ಟಿ ಎನ್ನುವವರು ಬಂದರೆ ತಿಂಗಳಿಗೊಂದು ಬಿಲ್ಲು ಕೊಡಲು ಅವರು ತಯಾರು. ನಮ್ಮ ಊರಿನಲ್ಲಿ ಹೀಗೆ ಎಸ್‌ಟಿಪಿ ನಡೆಸುತ್ತಾ ಸದ್ದಿಲ್ಲದೆ ಬೆಳೆದ ಸಣ್ಣ ಕಂಪನಿಗಳು ಹಲವು.

ಕಸದ್ದೂ ಹಾಗೇ. 2012ರಲ್ಲಿ ಮಾವಳ್ಳಿಪುರದ ಜನ ಕಸ ಸುರಿಯುವುದನ್ನು ತಡೆದು ನಿಂತರು. ಬೆಂಗಳೂರಿನ ಬೀದಿಗಳು ನಾರಿದವು. ಹಸಿ ಕಸ, ಒಣ ಕಸ ಬೇರೆ ಮಾಡಿ ಎನ್ನುವ ಒತ್ತಾಯ ಆಗ ಶುರುವಾಯಿತು. 2016ರ ಕೇಂದ್ರ ನಿಯಮದಲ್ಲಿ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವವರಿಗೆ ಪ್ರತ್ಯೇಕ ಜವಾಬ್ದಾರಿಯೇ ಬಂತು. ಮದುವೆ ಛತ್ರ, ಹೋಟೆಲ್, ಟೆಕ್ ಪಾರ್ಕ್ ಎಲ್ಲ ಇದರೊಳಗೆ. ಕಸ ದಿನವೂ ಹುಟ್ಟುತ್ತದೆ, ಹಾಗಾಗಿ ಕೆಲಸವೂ ದಿನವೂ ಹುಟ್ಟುತ್ತದೆ. ಇದಕ್ಕಿಂತ ಖಾತ್ರಿಯಾದ ಗಿರಾಕಿ ಎಲ್ಲಿ ಸಿಗುತ್ತಾನೆ ಹೇಳಿ?

ಈಗ ಸ್ವಲ್ಪ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ನಾನು ಲೆಕ್ಕಪತ್ರದವನು. ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ಆಗ ಎಲ್ಲರೂ ಗಾಬರಿ ಬಿದ್ದರು. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಆಮೇಲೆ ಬಂದ ಇ-ಇನ್‌ವಾಯ್ಸ್. ಇದರಲ್ಲಿ ಬಿಲ್ಲನ್ನು ನೀವು ಸುಮ್ನೆ ಪ್ರಿಂಟ್ ಹೊಡೆದು ಕೊಟ್ಟರೆ ಆಗುವುದಿಲ್ಲ. ಸರ್ಕಾರದ ಪೋರ್ಟಲ್‌ಗೆ ಹಾಕಿ, ಅಲ್ಲಿಂದ ಒಂದು ನಂಬರು, ಒಂದು ಕ್ಯೂಆರ್ ಕೋಡ್ ಪಡೆದ ಮೇಲೆಯೇ ಅದು ಬಿಲ್ಲು.

ಇದು ಬಂದ ರೀತಿ ನೋಡಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೇಲೆ ವಹಿವಾಟು ಇದ್ದವರಿಗೆ ಮಾತ್ರ. 2021ರ ಜನವರಿಗೆ 100 ಕೋಟಿ. ಅದೇ ಏಪ್ರಿಲ್‌ಗೆ 50 ಕೋಟಿ. 2022ರ ಏಪ್ರಿಲ್‌ಗೆ 20, ಅಕ್ಟೋಬರ್‌ಗೆ 10. 2023ರ ಆಗಸ್ಟ್ 1ಕ್ಕೆ 5 ಕೋಟಿ. ಮೂರು ವರ್ಷದಲ್ಲಿ 500ರಿಂದ 5ಕ್ಕೆ ಇಳಿಯಿತು. ಮೊದಲ ಎರಡು ಮೆಟ್ಟಿಲು ನೋಡಿದವರಿಗೆ ಮೂರನೆಯದು ಎಲ್ಲಿರುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. 500 ಕೋಟಿಯವರ ಹತ್ತಿರ ದೊಡ್ಡ ಸಾಫ್ಟ್‌ವೇರ್ ಇರುತ್ತದೆ, ದೊಡ್ಡ ಆಡಿಟರ್ ಇರುತ್ತಾರೆ. ನಮ್ಮಂಥವರಿಗೆ ಅಲ್ಲಿ ಕೆಲಸವಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ 12 ಕೋಟಿ ವಹಿವಾಟಿನ ಮಷೀನ್ ಶಾಪಿನವರ ಹತ್ತಿರ ಏನಿರುತ್ತದೆ? ಟ್ಯಾಲಿ ಗೊತ್ತಿರುವ ಒಬ್ಬ ಹುಡುಗಿ, ಒಂದು ಹಳೇ ಕಂಪ್ಯೂಟರ್, ವಾರಕ್ಕೊಮ್ಮೆ ಬರುವ ಅಕೌಂಟೆಂಟ್. ಆ ಮೆಟ್ಟಿಲು ತಮ್ಮ ತನಕ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ಮುಂಚೆ ಹೋಗಿ ಹೇಳಿದವರಿಗೆ, ಕಲಿಸಿಕೊಟ್ಟವರಿಗೆ ಆ ಕೆಲಸ ಸಿಕ್ಕಿತು. ಗಡುವಿನ ವಾರದಲ್ಲಿ ಹೋದವರಿಗೆ ದರದ ಜಗ್ಗಾಟ ಸಿಕ್ಕಿತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಇ-ಇನ್‌ವಾಯ್ಸ್ ಮಾಡದಿದ್ದರೆ ದಂಡ ಇದೆ, ನಿಜ. ಆದರೆ ಪೀಣ್ಯದವರನ್ನು ಓಡಿಸಿದ್ದು ಅಧಿಕಾರಿಯ ಭಯಕ್ಕಿಂತ ಗಿರಾಕಿಯ ಫೋನು. ಸರಿಯಾದ ಬಿಲ್ಲು ಇಲ್ಲದಿದ್ದರೆ ಕೊಂಡವರಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ದೊಡ್ಡ ಕಂಪನಿಯವರು "ಕ್ಯೂಆರ್ ಇಲ್ಲದ ಬಿಲ್ಲು ಕಳಿಸಬೇಡಿ, ಪೇಮೆಂಟ್ ಆಗಲ್ಲ" ಎಂದುಬಿಟ್ಟರು. ಅಧಿಕಾರಿ ವರ್ಷಕ್ಕೊಮ್ಮೆ ಬರಬಹುದು, ಬರದೇ ಇರಬಹುದು. ಪೇಮೆಂಟ್ ನಿಂತರೆ ಅದೇ ದಿನ ಗೊತ್ತಾಗುತ್ತದೆ. ಯಾವ ನಿಯಮವನ್ನು ಕೊಳ್ಳುವವರೇ ಪಾಲನೆ ಮಾಡಿಸುತ್ತಾರೋ ಆ ನಿಯಮ ಗಟ್ಟಿ. ಅದರ ಸುತ್ತ ವ್ಯಾಪಾರ ಕಟ್ಟಬಹುದು. ಅಧಿಕಾರಿ ಒಬ್ಬರನ್ನೇ ನಂಬಿಕೊಂಡ ನಿಯಮ ಸ್ವಲ್ಪ ಸಡಿಲ.

ಗಡುವಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಗಡುವು ಮುಂದಕ್ಕೆ ಹೋಗುತ್ತದೆ. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್ ಹಾಕಿಸಿ ಎಂದು ರಾಜ್ಯ ಸರ್ಕಾರ 2023ರಲ್ಲಿ ಹೇಳಿತು. ನವೆಂಬರ್ ಎಂದರು, ಫೆಬ್ರವರಿ ಎಂದರು, ಮೇ ಎಂದರು, ಇನ್ನೂ ಮುಂದೆ ಎಂದರು. ಹಾಗಾಗಿ ಗಡುವಿನ ದಿನ ನೋಡಿಕೊಂಡು ಕಂತು ಕಟ್ಟುವ ಸಾಲ ಮಾಡಬೇಡಿ. ಬಡ್ಡಿಗೆ ಗಡುವು ವಿಸ್ತರಣೆ ಇಲ್ಲ.

ಇನ್ನು ಎಲ್ಲಿ ನೋಡಬೇಕು? ಟಿವಿಯಲ್ಲಿ ಬಂದ ಹೊತ್ತಿಗೆ ತಡವಾಗಿರುತ್ತದೆ. ಕೇಂದ್ರದ ಎಷ್ಟೋ ನಿಯಮಗಳು ಮೊದಲು ಕರಡಾಗಿ ಗೆಜೆಟ್‌ನಲ್ಲಿ ಬರುತ್ತವೆ, ಆಕ್ಷೇಪಣೆ ಇದ್ದರೆ ಹೇಳಿ ಅಂತ ಸಮಯ ಕೊಡುತ್ತಾರೆ. ಪ್ಲಾಸ್ಟಿಕ್ ತೆಗೆದುಕೊಳ್ಳಿ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧದ ಕರಡು ಬಂದಿದ್ದು 2021ರ ಮಾರ್ಚ್‌ನಲ್ಲಿ. ಅಂತಿಮ ನಿಯಮ ಆಗಸ್ಟ್‌ನಲ್ಲಿ. ಸ್ಟ್ರಾ, ಚಮಚ, ತಟ್ಟೆ ನಿಜಕ್ಕೂ ನಿಷೇಧ ಆಗಿದ್ದು 2022ರ ಜುಲೈ 1ಕ್ಕೆ. ಕರಡು ಓದಿದವರಿಗೆ ಒಂದು ವರ್ಷಕ್ಕೂ ಜಾಸ್ತಿ ಸಮಯ ಇತ್ತು. ಪೇಪರ್ ಸ್ಟ್ರಾ ಮಷೀನ್ ಹುಡುಕಲು, ಮಾಲು ಮಾಡಿ ನೋಡಲು, ಜ್ಯೂಸ್ ಅಂಗಡಿಯವರು ಬೈದರೆ ಸರಿ ಮಾಡಿಕೊಳ್ಳಲು ಅಷ್ಟು ಸಾಕು. ಕರಡು ಓದುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಎಲ್ಲರಿಗೂ ಬೇಜಾರು. ಓದಿದವರಿಗೆ ಪೈಪೋಟಿ ಕಡಿಮೆ ಇರುವುದು ಅದಕ್ಕೇ.

ಆರ್ಥಿಕತೆಯ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ ವ್ಯಾಪಾರ ಮಾಡುವುದಕ್ಕೂ ಹೀಗೆ ಕರಡು ನಿಯಮ ಓದಿ ಮಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಶುರುವಾಯಿತು. ಸ್ಟೇಷನ್ ಹತ್ತಿರ ಟಿಫನ್ ಸೆಂಟರ್ ಇಟ್ಟರೆ ಓಡುತ್ತದೆ, ಅಲ್ವಾ? ಓಡಬಹುದು. ಆದರೆ ಕಂಬ ಏಳುವಾಗಿನಿಂದ ಎಲ್ಲರೂ ಅದನ್ನೇ ನೋಡಿದ್ದಾರೆ. ಮಳಿಗೆಯ ಮಾಲೀಕರೂ ನೋಡಿದ್ದಾರೆ. ನಿಮ್ಮ ಲಾಭ ಬಾಡಿಗೆ, ಅಡ್ವಾನ್ಸ್ ರೂಪದಲ್ಲಿ ಆಗಲೇ ಅವರ ಜೇಬಿಗೆ ಹೋಗಿರುತ್ತದೆ. ಎಲ್ಲರ ಕಣ್ಣಿಗೂ ಬೀಳುವ ಟ್ರೆಂಡ್‌ನಲ್ಲಿ ಸಣ್ಣವರಿಗೆ ಉಳಿಯುವುದು ಕಡಿಮೆ. ಅದರ ಎರಡನೇ ಸುತ್ತಿನ ಪರಿಣಾಮದಲ್ಲಿ ಸ್ವಲ್ಪ ಉಳಿಯುತ್ತದೆ.

ಬಡ್ಡಿ ದರದ್ದು ನೋಡಿ. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯೇ ರೆಪೊ ದರ. 2025ರ ಆರಂಭದಲ್ಲಿ ಶೇಕಡ 6.5 ಇದ್ದ ಅದನ್ನು ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಸಿತು. ಮನೆ ಸಾಲ ಅಗ್ಗವಾದರೆ ಫ್ಲಾಟ್ ಮಾರುವವರು ಮೊದಲು ಖುಷಿಪಡುತ್ತಾರೆ. ಅಲ್ಲಿ ನಮಗೆ ಜಾಗ ಇಲ್ಲ. ಫ್ಲಾಟಿನ ಕೀಲಿ ಕೈಗೆ ಬಂದ ಮೇಲೆ ಬಡಗಿ, ಪರದೆ, ಸೊಳ್ಳೆ ಜಾಲರಿ, ಬಾಲ್ಕನಿಗೆ ಪಾರಿವಾಳದ ಬಲೆ. ಬೆಂಗಳೂರಿನಲ್ಲಿ ಪಾರಿವಾಳದ ಬಲೆ ಕಟ್ಟಿಯೇ ಸಂಸಾರ ಸಾಗಿಸುವವರು ಎಷ್ಟು ಜನ ಇದ್ದಾರೆ ಅಂತ ಒಮ್ಮೆ ಕಂಬಗಳ ಮೇಲಿನ ಚೀಟಿ ನೋಡಿ. (ನಗು.) ಅಂದ ಹಾಗೆ, ನಿಮ್ಮ ಅಂಗಡಿ ಸಾಲ ರೆಪೊಗೆ ಜೋಡಿಸಿದ್ದಾ ಅಂತ ಬ್ಯಾಂಕಿನಲ್ಲಿ ಕೇಳಿ. 2019ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮಗಳಿಗೆ ಬದಲಾಗುವ ಬಡ್ಡಿಯಲ್ಲಿ ಕೊಡುವ ಹೊಸ ಸಾಲವನ್ನು ಇಂಥ ಹೊರಗಿನ ದರಕ್ಕೆ ಜೋಡಿಸಬೇಕು ಎಂದು ಬ್ಯಾಂಕುಗಳಿಗೆ ನಿಯಮ ಇದೆ. ಹಳೇ ಸಾಲ ಹಳೇ ಲೆಕ್ಕದಲ್ಲೇ ಇದ್ದರೆ ಸುಮ್ನೆ ಜಾಸ್ತಿ ಕಟ್ಟುತ್ತಿರುತ್ತೀರಿ.

ಈಗ ನಿಮ್ಮಲ್ಲಿ ಹಲವರಿಗೆ ಕಹಿಯಾದ ವಿಷಯ. 2025ರ ಜುಲೈ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಚೀಟಿ ಅಂಟಿಸಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಹೊಸ ನಿಯಮ ಏನಲ್ಲ. ಹೊಸದಾಗಿದ್ದು ಇಲಾಖೆಗೆ ಲೆಕ್ಕ ಕಾಣುವಂತಾಗಿದ್ದು.

ನೋಟಿಸ್ ಬಂದವರಲ್ಲಿ ಎಷ್ಟೋ ಜನ ಹೆಚ್ಚು ಮಾರುವುದು ಹಾಲು, ತರಕಾರಿ. ಅದಕ್ಕೆ ತೆರಿಗೆಯೇ ಇಲ್ಲ. ಆದರೆ ಜೊತೆಗೆ ಬಿಸ್ಕತ್ತು, ತಂಪು ಪಾನೀಯವೂ ಇರುತ್ತದೆ. ಮಗಳು ಕಳಿಸಿದ ದುಡ್ಡು, ಚೀಟಿ ದುಡ್ಡು, ಪಕ್ಕದ ಅಂಗಡಿಯವರ ಕೈಸಾಲ, ಎಲ್ಲ ಅದೇ ಖಾತೆಗೆ. ಯಾವುದು ಯಾವುದು ಅಂತ ಬೇರೆ ಮಾಡಿ ತೋರಿಸುವ ಪುಸ್ತಕ ಯಾರ ಹತ್ತಿರವೂ ಇರಲಿಲ್ಲ. ಒಂದೂವರೆ ಕೋಟಿಯೊಳಗಿನ ವ್ಯಾಪಾರಕ್ಕೆ ಕಾಂಪೊಸಿಷನ್ ಎಂಬ ಸರಳ ಜಿಎಸ್‌ಟಿ ಪದ್ಧತಿ ಇದೆ, ಅಂಗಡಿಯವರಿಗೆ ಶೇಕಡ 1, ಹೋಟೆಲ್‌ಗೆ ಶೇಕಡ 5, ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಇದನ್ನು ಕನ್ನಡದಲ್ಲಿ ಕೂತು ಹೇಳಿದವರು ಕಡಿಮೆ.

ದೊಡ್ಡ ಆಡಿಟರ್ ಕಚೇರಿಗಳಿಗೆ ಈ ಗಿರಾಕಿ ಬೇಡ. ಫೀಸು ಗಿಟ್ಟುವುದಿಲ್ಲ. ಆದರೆ ಒಂದೇ ಬಡಾವಣೆಯಲ್ಲಿ, ನಡೆದು ಮುಗಿಸಬಹುದಾದ ಮೂರು ನಾಲ್ಕು ರಸ್ತೆಗಳಲ್ಲಿ, ತಿಂಗಳಿಗೆ 500 ರೂಪಾಯಿ ಕೊಡುವ 200 ಅಂಗಡಿ ಹಿಡಿದರೆ ಲಕ್ಷ ರೂಪಾಯಿ. ಬಿ.ಕಾಂ ಓದಿದ ಇಬ್ಬರು ಸೇರಿ ಇದನ್ನು ಮಾಡಬಹುದು. ವಾರಕ್ಕೊಮ್ಮೆ ಹೋಗಿ ಖರೀದಿ ಬಿಲ್ಲು ಫೋಟೊ ತೆಗೆಯುವುದು, ಖಾತೆಯ ಸಾಲುಗಳಿಗೆ ಗುರುತು ಹಾಕುವುದು, ನೋಂದಣಿ ಬೇಕಾದವರಿಗೆ ಮಾಡಿಸಿಕೊಡುವುದು. ವಿಶ್ವಾಸದ ಮೇಲೆ ನಿಂತ ವ್ಯಾಪಾರ ಇದು. ಅಣ್ಣನ ಅಂಗಡಿಯ ನೋಟಿಸ್ ಸರಿ ಮಾಡಿಕೊಟ್ಟರೆ ತಮ್ಮನ ಅಂಗಡಿ, ಭಾವನ ಬೇಕರಿ ತಾನಾಗಿ ಬರುತ್ತದೆ.

ಇನ್ನು ಬಿದ್ದವರ ಕಥೆ. ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಕೇಂದ್ರದ ಫೇಮ್ ಎಂಬ ಯೋಜನೆಯ ಸಬ್ಸಿಡಿ 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಗೆ ಏರಿತು. 2023ರ ಜೂನ್ 1ಕ್ಕೆ 10,000ಕ್ಕೆ ಇಳಿಯಿತು, ಒಟ್ಟು ಮಿತಿಯೂ ಗಾಡಿ ಬೆಲೆಯ ಶೇಕಡ 40ರಿಂದ 15ಕ್ಕೆ ಬಂತು. ಗಾಡಿ ಬೆಲೆ ಏರಿತು. ಸಬ್ಸಿಡಿ ಕಳೆದ ಬೆಲೆಯನ್ನೇ ನಂಬಿ ಶೋರೂಂ ತೆರೆದವರಿಗೆ ಏಟು ಬಿತ್ತು. ಅದೇ ಗಾಡಿಗಳನ್ನು ರಿಪೇರಿ ಮಾಡಲು ಕಲಿತ ಮೆಕ್ಯಾನಿಕ್‌ಗೆ ಸಬ್ಸಿಡಿ ಏರಿದರೂ ಇಳಿದರೂ ವ್ಯತ್ಯಾಸ ಇಲ್ಲ. ರಸ್ತೆಗೆ ಬಂದ ಗಾಡಿ ರಸ್ತೆಯಲ್ಲೇ ಇದೆ.

ಅಡಿಕೆ ಹಾಳೆ ತಟ್ಟೆಯದ್ದು ಇನ್ನೂ ನೋವಿನ ಕಥೆ. ಪ್ಲಾಸ್ಟಿಕ್ ಮೇಲೆ ಜಗತ್ತಿಗೆಲ್ಲ ಸಿಟ್ಟು ಬಂದಾಗ ನಮ್ಮ ಮಲೆನಾಡು, ಕರಾವಳಿಯ ಹಾಳೆ ತಟ್ಟೆಗೆ ವಿದೇಶದಲ್ಲಿ ಬೇಡಿಕೆ ಬಂತು. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಆಮದಿಗೆ ತಡೆ ಹಾಕಿತು. ಅಡಿಕೆಯಲ್ಲಿರುವ ಕೆಲವು ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಸೇರಬಹುದು ಎನ್ನುವುದು ಅವರ ವಾದ. ನಾವು ತಲೆತಲಾಂತರದಿಂದ ಹಾಳೆಯಲ್ಲಿ ಉಂಡವರು ಎಂದರೆ ಬಂದರಿನಲ್ಲಿ ಯಾರೂ ಕೇಳುವುದಿಲ್ಲ, ಅವರಿಗೆ ಲ್ಯಾಬ್ ವರದಿ ಬೇಕು. ಮಾಲನ್ನೆಲ್ಲ ಆ ಒಂದೇ ದೇಶಕ್ಕೆ ಕಳಿಸುತ್ತಿದ್ದವರಿಗೆ ದಾರಿ ಮುಚ್ಚಿತು. ಊರಿನ ಮದುವೆ ಮನೆಗೂ ಕೊಡುತ್ತಿದ್ದವರು ಹೇಗೋ ಉಸಿರಾಡುತ್ತಿದ್ದಾರೆ.

ಇವರಿಗೆಲ್ಲ ಒಬ್ಬರನ್ನು ಹೋಲಿಸಿ ನೋಡುತ್ತೇನೆ. ನಮ್ಮ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಕಂಪನಿ ಇದೆ. ಹಳೇ ಕಂಪ್ಯೂಟರ್, ಟಿವಿಗಳ ಕಸವನ್ನು ಬಿಡಿಸಿ ಲೋಹ ತೆಗೆಯುವ ಕೆಲಸ. 2005ರಲ್ಲಿ ಶುರುವಾಯಿತು. ಇ-ತ್ಯಾಜ್ಯಕ್ಕೇ ಅಂತ ದೇಶದಲ್ಲಿ ನಿಯಮ ಜಾರಿಯಾಗಿದ್ದು 2012ರ ಮೇನಲ್ಲಿ. ಅಂದರೆ ಕಾನೂನಿಗಿಂತ ಆರೇಳು ವರ್ಷ ಮೊದಲೇ ಇವರು ಹೊರಟಿದ್ದರು. ನಿಯಮ ಇಲ್ಲದಾಗಲೂ ತಾಮ್ರಕ್ಕೆ ಬೆಲೆ ಇತ್ತು, ಐಟಿ ಕಂಪನಿಗಳಲ್ಲಿ ಹಳೇ ಮಾನಿಟರ್‌ಗಳ ರಾಶಿ ಇತ್ತು. ನಿಯಮ ಬಂದಾಗ ಅನುಭವ ಇದ್ದವರು ಇವರೇ. ಆರು ವರ್ಷ ಕಾಯುವ ಬಂಡವಾಳ ನಮಗೆಲ್ಲ ಇರುವುದಿಲ್ಲ, ಅದು ಬೇರೆ ಮಾತು. ಆದರೆ ನಾಳೆ ನಾನು ನಂಬಿದ ನಿಯಮ ವಾಪಸಾದರೂ ನನ್ನ ಅಂಗಡಿಗೆ ಯಾರಾದರೂ ಬರುತ್ತಾರಾ ಅಂತ ಕೇಳಿಕೊಳ್ಳಲು ಬಂಡವಾಳ ಬೇಕಿಲ್ಲ.

ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಿಂದ ಪೀಣ್ಯದ ಒಬ್ಬರು ಕೇಳಿದರು. "ಸರ್, 45 ದಿನದಲ್ಲಿ ಪೇಮೆಂಟ್ ಕೊಡಬೇಕು ಅಂತ ಕಾನೂನು ಬಂತಲ್ಲ, ಅದರಿಂದ ನಮಗೆ ಒಳ್ಳೆಯದೇ ಆಗಬೇಕಿತ್ತು. ದೊಡ್ಡವರು ಉದ್ಯಮ್ ನೋಂದಣಿ ಇಲ್ಲದವರನ್ನೇ ಹುಡುಕುತ್ತಿದ್ದಾರೆ ಅನ್ನಿಸುತ್ತೆ."

ಅವರ ಅನುಮಾನದಲ್ಲಿ ಹುರುಳಿದೆ. ಉದ್ಯಮ್ ಎಂದರೆ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ. ಮೈಕ್ರೊ, ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ಕೊಳ್ಳುವವರಿಗೆ ಆ ಖರ್ಚನ್ನು ಅದೇ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಆಗುವುದಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. 2023-24ರ ವಹಿವಾಟಿನಿಂದ ಇದು ಜಾರಿಯಲ್ಲಿದೆ. ಬರೀ ವ್ಯಾಪಾರ ಮಾಡುವವರಿಗೆ ಇದು ಸಿಗುವುದಿಲ್ಲ, ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ನಾನು ಅವರಿಗೆ ಹೇಳಿದ್ದು ಇಷ್ಟು. ನಿಮ್ಮ ಪಾರ್ಟು ಎಲ್ಲರೂ ಮಾಡುವಂಥದ್ದಾದರೆ ಅವರು ಬೇರೆಯವರನ್ನು ಹುಡುಕುತ್ತಾರೆ, ಕಾನೂನು ಅದನ್ನು ತಡೆಯುವುದಿಲ್ಲ. ನೀವಷ್ಟೇ ಮಾಡಬಲ್ಲ ಪಾರ್ಟಾದರೆ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದೊಡ್ಡದಾಗಿ ಹಾಕಿ, ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಬರುವ ಮುಂಚೆ ಬಾಕಿ ಕೇಳಿ ಅವರಿಗೆ ಒಂದು ಪತ್ರ ಬರೆಯಿರಿ.

ಚಟ್ನಿಪುಡಿ, ಹಪ್ಪಳ ಮಾಡಿ ಮಾರುವ ಒಬ್ಬ ತಾಯಿ ಎದ್ದು ನಿಂತರು. ತಮ್ಮಂಥವರಿಗೆ ಈ ನಿಯಮಗಳೆಲ್ಲ ಬರೀ ಕಾಟ ತಾನೇ ಎಂದರು. ಅಮ್ಮಾ, ನಿಮ್ಮಂಥ ಸಣ್ಣ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಆ ನಂಬರ್ ಇಲ್ಲದ ಪೊಟ್ಟಣವನ್ನು ಸೂಪರ್ ಮಾರ್ಕೆಟ್‌ನವರು ಒಳಗೇ ಬಿಡುವುದಿಲ್ಲ. ನಿಮ್ಮ ಬೀದಿಯಲ್ಲಿ ಹಪ್ಪಳ ಮಾಡುವ ಉಳಿದವರು ಮಾಡಿಸಿದ್ದಾರಾ ಕೇಳಿ ನೋಡಿ, ಎಂದೆ. ಅವರು ಸ್ವಲ್ಪ ಯೋಚಿಸಿ, "ನಾನು ಯಾಕೆ ಕೇಳಲಿ, ನಾನು ಮಾಡಿಸಿಕೊಳ್ತೀನಿ" ಎಂದರು. ಸಭೆಯಲ್ಲಿ ಆ ದಿನದ ಅತಿ ದೊಡ್ಡ ಚಪ್ಪಾಳೆ ಅವರಿಗೇ ಬಿತ್ತು.

ಕೊನೆಗೆ ಒಬ್ಬ ಹುಡುಗ, ಈಗ ನೀವು ಯಾವ ನಿಯಮದ ಮೇಲೆ ಕಣ್ಣಿಟ್ಟಿದ್ದೀರಿ ಎಂದು ಕೇಳಿದ.

ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ಮೇಲೆ. ಕಾಯ್ದೆ 2023ರ ಆಗಸ್ಟ್‌ನಲ್ಲಿ ಆಯಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಸಮಯ, ಅಂದರೆ 2027ರ ಮೇ. ದಂಡ 250 ಕೋಟಿಯವರೆಗೂ ಹೋಗಬಹುದು. ದೊಡ್ಡ ಕಂಪನಿಗಳು ವಕೀಲರನ್ನು ಇಟ್ಟುಕೊಳ್ಳುತ್ತವೆ. ಆದರೆ ಬಿಟಿಎಂ ಲೇಔಟ್, ಮಾರತ್ತಹಳ್ಳಿಯ ಪಿಜಿಗಳನ್ನು ನೋಡಿ. ಇರುವವರ ಆಧಾರ್ ಜೆರಾಕ್ಸ್ ಎಲ್ಲ ಮ್ಯಾನೇಜರ್‌ನ ಮೊಬೈಲ್ ವಾಟ್ಸಾಪ್‌ನಲ್ಲಿ. ಟ್ಯೂಷನ್ ಸೆಂಟರ್‌ಗಳಲ್ಲಿ ಮಕ್ಕಳ ಫೋಟೊ, ನಂಬರು. ಮಕ್ಕಳ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆಯನ್ನು ಖಚಿತ ಮಾಡಿಕೊಂಡೇ ಪಡೆಯಬೇಕು ಎಂದಿದೆ. ಕ್ಲಿನಿಕ್, ಲ್ಯಾಬ್, ಜಿಮ್, ಎಲ್ಲ ಕಡೆ ಇದೇ.

"ಪಿಜಿ ಓನರ್ ಇದಕ್ಕೆಲ್ಲ ದುಡ್ಡು ಕೊಡ್ತಾರಾ ಸರ್?" ಎಂದ ಹುಡುಗ.

ಈಗ ಕೊಡುವುದಿಲ್ಲ. ಅವರಿಂದ ಶುರು ಮಾಡಬೇಡ. ಐಟಿ ಕಂಪನಿಗಳಿಗೆ ಕ್ಯಾಬ್ ಕೊಡುವವರು, ಅವರ ಉದ್ಯೋಗಿಗಳಿಗೆ ಆರೋಗ್ಯ ತಪಾಸಣೆ ಮಾಡುವ ಲ್ಯಾಬ್‌ಗಳು, ಸಂಬಳದ ಲೆಕ್ಕ ಮಾಡಿಕೊಡುವ ಸಣ್ಣ ಕಚೇರಿಗಳು, ಅವರ ಹತ್ತಿರ ಮೊದಲು ಹೋಗು. ಅವರಿಗೆ ಕೆಲಸ ಕೊಡುವ ಕಂಪನಿ ಮುಂದಿನ ಗುತ್ತಿಗೆ ನವೀಕರಿಸುವಾಗ ಒಂದು ಪ್ರಶ್ನಾವಳಿ ಕಳಿಸುತ್ತದೆ. ನಮ್ಮ ಉದ್ಯೋಗಿಗಳ ಮಾಹಿತಿ ಎಲ್ಲಿಟ್ಟಿದ್ದೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅಂತ. ಅದನ್ನು ತುಂಬಿಸಲು ಗೊತ್ತಿರುವವರನ್ನು ಅವರು ಹುಡುಕುತ್ತಾರೆ. ಪಿಜಿಯವರ ಸರದಿ ಆಮೇಲೆ ಬರುತ್ತದೆ.